ಮೂತ್ರಪಿಂಡವೂ ರಕ್ತದ ಕೊಬ್ಬೂ

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನುಷ್ಯರ ನಡತೆಯ ವಿಷಯವಾಗಿ ಇದನ್ನು ಹೇಳುವುದು ವಾಡಿಕೆ. ಆದರೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಮಾತು ಅಕ್ಷರಶಃ ಸತ್ಯವಾದ ಸಂದರ್ಭವೊಂದುಂಟು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ವೈದ್ಯರು ರೋಗಿಯ ತೋಳಿನಿಂದ ರಕ್ತ ತೆಗೆದು ಬಟ್ಟಲಿನಲ್ಲಿ ಇಟ್ಟರೆ, ಕೆಂಪು ಭಾಗವು ಹೆಪ್ಪುಗಟ್ಟಿ ಕೆಳಗೆ ನಿಂತು, ಮೇಲೆ ತೆಳುಹಳದಿಯ ತಿಳಿಯು ಉಳಿಯುತ್ತಿತ್ತು. ಮೈಯೆಲ್ಲ ಊದಿಕೊಂಡ ಕೆಲವು ರೋಗಿಗಳಲ್ಲಿ ಮಾತ್ರ ಆ ತಿಳಿಯು ಹಾಲಿನಂತೆ ಬೆಳ್ಳಗಿರುತ್ತಿತ್ತು. ಅದು ಹಾಲಲ್ಲ, ಕೊಬ್ಬು. ಕೆಟ್ಟಿರುವುದು ಮೂತ್ರಪಿಂಡ, ರಕ್ತದಲ್ಲಿ ಕೊಬ್ಬು ಏರುವುದೇಕೆ? ಈ ಪ್ರಶ್ನೆಗೆ ತಕ್ಕ ಉತ್ತರ ದೊರೆಯಲು ನೂರೈವತ್ತು ವರ್ಷಗಳಿಗೂ ಮೀರಿ ಕಾಲ ಹಿಡಿಯಿತು. ಆ ಕಥೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳಬೇಕೆಂದಿದ್ದೇನೆ.

ರಾಜ್ಯೋತ್ಸವದ ಸಂಚಿಕೆಯಲ್ಲಿ ಕದಂಬರ, ಚಾಳುಕ್ಯರ, ವಿಜಯನಗರದ ಚರಿತ್ರೆ ಬರುವುದು ಸಹಜ. ಮೂತ್ರಪಿಂಡದ ಚರಿತ್ರೆಗೆ ಇಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ನಾನು ವೈದ್ಯನಲ್ಲ, ವಾಣಿಜ್ಯ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಆದರೆ ಬ್ಯಾಂಕಿನ ಕಟಕಟೆಯ ಹಿಂದೆ ಕುಳಿತವನಿಗೆ ಊರಿನ ಆರೋಗ್ಯದ ಸಂಗತಿ ತಾನಾಗಿಯೇ ತಿಳಿಯುತ್ತದೆ. ಅವಧಿಗೆ ಮುನ್ನವೇ ಠೇವಣಿ ಮುರಿಸಲು ಬರುವವರಲ್ಲಿ ಮಗಳ ಮದುವೆಗೆಂದು ಬರುವವರಿದ್ದಾರೆ, ಮನೆಯ ಮುಂಗಡಕ್ಕೆಂದು ಬರುವವರಿದ್ದಾರೆ. ಡಯಾಲಿಸಿಸ್‌ಗೆಂದು ಬರುವವರೂ ಇದ್ದಾರೆ. ಹುಟ್ಟೂರನ್ನು ಬಿಟ್ಟು ಈ ಮುಂಬಯಿಗೆ ಬಂದು ನೆಲೆಸಿರುವ ನಮ್ಮ ಸಂಸಾರಗಳಲ್ಲಿ ಹಿರಿಯರ ಕಾಯಿಲೆಯ ಲೆಕ್ಕವನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಒಬ್ಬ ಮಗನೋ ಒಬ್ಬ ಸೊಸೆಯೋ ಅಷ್ಟೆ. ಅವರ ಕೈಗೆ ಪ್ರಯೋಗಶಾಲೆಯ ವರದಿ ಬಂದಾಗ ಅದನ್ನು ಓದುವ ಬಗೆ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಚರಿತ್ರೆಯು ಆ ಬಗೆಯನ್ನು ಕಲಿಸುತ್ತದೆ.

ಕಥೆ ಆರಂಭವಾಗುವುದು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. ಅಲ್ಲಿದ್ದ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1827ರಲ್ಲಿ ತಮ್ಮ ರೋಗಿಗಳ ವೃತ್ತಾಂತಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಮೈ ಬಾತು ಸತ್ತವರ ಶವಪರೀಕ್ಷೆ ಮಾಡಿ, ಅನೇಕರಲ್ಲಿ ಮೂತ್ರಪಿಂಡಗಳು ಕೆಟ್ಟಿರುವುದನ್ನು ಅವರು ಕಂಡರು. ಬದುಕಿರುವಾಗಲೇ ಇದನ್ನು ಗುರುತಿಸುವ ಉಪಾಯವೂ ಬಹು ಸರಳ. ರೋಗಿಯ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಮೇಣದ ಬತ್ತಿಯ ಮೇಲೆ ಹಿಡಿಯುವುದು. ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾದರೆ, ರಕ್ತದಲ್ಲಿರಬೇಕಾದ ಆಲ್ಬುಮಿನ್ ಎಂಬ ಸಸಾರಜನಕವು ಮೂತ್ರದಲ್ಲಿ ಸೋರುತ್ತಿದೆ ಎಂದು ಅರ್ಥ. ಈ ಕಾಯಿಲೆಗೆ ಬಹುಕಾಲ ‘ಬ್ರೈಟನ ರೋಗ’ವೆಂದೇ ಹೆಸರಿದ್ದಿತು. 1836ರಲ್ಲಿ ಅವರು ಇಂಥ ನೂರು ರೋಗಿಗಳ ಶವಪರೀಕ್ಷೆಯ ಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ಅನೇಕರ ಹೃದಯವೂ ದಪ್ಪವಾಗಿದ್ದುದನ್ನು ದಾಖಲಿಸಿದರು. ಮೂತ್ರಪಿಂಡದ ರೋಗವು ಹೃದಯದ ಬಾಗಿಲನ್ನೂ ತಟ್ಟುತ್ತದೆ ಎಂಬುದಕ್ಕೆ ಇದೇ ಮೊದಲ ಸುಳಿವುಗಳಲ್ಲಿ ಒಂದು.

ಇದೇ ಕಾಲದಲ್ಲಿ ಎಡಿನ್‌ಬರೋ ನಗರದ ರಾಬರ್ಟ್ ಕ್ರಿಸ್ಟಿಸನ್ ಎಂಬ ವೈದ್ಯರು, ರಕ್ತದ ತಿಳಿಯು ಕೆಲವೊಮ್ಮೆ ಹಾಲಿನಂತೆ ಕಾಣುವುದಕ್ಕೆ ಅದರಲ್ಲಿ ಸೇರಿರುವ ಕೊಬ್ಬೇ ಕಾರಣವೆಂದು 1830ರಲ್ಲಿ ಬರೆದರು. 1839ರಲ್ಲಿ ಅವರು ಮೂತ್ರಪಿಂಡದ ರೋಗದ ಮೇಲೆಯೇ ಒಂದು ಗ್ರಂಥವನ್ನು ರಚಿಸಿದರು. ಅತ್ತ ಫ್ರಾನ್ಸ್ ದೇಶದಲ್ಲಿ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞರು ಪಿತ್ತಕೋಶದ ಕಲ್ಲಿನಲ್ಲಿ ಸಿಗುವ ಮೇಣದಂಥ ವಸ್ತುವಿಗೆ ಅದಾಗಲೇ, 1815ರ ವೇಳೆಗೆ, ಹೆಸರಿಟ್ಟಿದ್ದರು. ಅದೇ ಇಂದು ಎಲ್ಲರ ಬಾಯಲ್ಲಿರುವ ಕೊಲೆಸ್ಟರಾಲ್. ಕೊಬ್ಬನ್ನು ಕುರಿತು ಶೋಧನೆ ಮಾಡಿದ ಈ ಮಹಾಶಯರು 102 ವರ್ಷ ಬದುಕಿ 1889ರಲ್ಲಿ ತೀರಿಕೊಂಡರೆಂಬುದು ಒಂದು ಸ್ವಾರಸ್ಯ. 1843ರಲ್ಲಿ ಜರ್ಮನಿಯ ಫೋಗೆಲ್ ಎಂಬವರು ಗಡುಸಾದ ಅಪಧಮನಿಯ ಗೋಡೆಯಲ್ಲಿ ಕೊಲೆಸ್ಟರಾಲ್ ಇರುವುದನ್ನು ಕಂಡರು. 1913ರಲ್ಲಿ ರಷ್ಯ ದೇಶದ ಅನಿಚ್ಕೋವ್ ಎಂಬವರು ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿಯೂ ಅಂಥದೇ ಗಂಟುಗಳನ್ನು ಉಂಟುಮಾಡಿ ತೋರಿಸಿದರು. ಹೀಗೆ ಒಂದು ಕಡೆ ಮೂತ್ರಪಿಂಡದ ಶಾಸ್ತ್ರವೂ ಇನ್ನೊಂದು ಕಡೆ ಕೊಬ್ಬಿನ ಶಾಸ್ತ್ರವೂ ಬೇರೆ ಬೇರೆ ಹೊಳೆಗಳಂತೆ ಹರಿದು ಬರುತ್ತಿದ್ದುವು.

ಇವೆರಡೂ ಮೊದಲು ಕೂಡಿದ್ದು ಸಸಾರಜನಕ ಸೋರುವ ರೋಗಿಗಳಲ್ಲಿ. ಅದೇ 1913ರಲ್ಲಿ ಜರ್ಮನಿಯ ಫ್ರಿಟ್ಸ್ ಮುಂಕ್ ಎಂಬವರು ಇಂಥ ರೋಗಿಗಳ ಮೂತ್ರದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹೊಳೆಯುವ ಕೊಬ್ಬಿನ ಕಣಗಳನ್ನು ಕಂಡು, ರೋಗಕ್ಕೆ ಕೊಬ್ಬಿನ ಹೆಸರನ್ನೇ ಸೇರಿಸಿ ‘ಲಿಪಾಯ್ಡ್ ನೆಫ್ರೋಸಿಸ್’ ಎಂದು ಕರೆದರು. 1917ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಎಪ್‌ಸ್ಟೈನ್ ಎಂಬ ವೈದ್ಯರು, ರಕ್ತದಲ್ಲಿ ಸಸಾರಜನಕ ಕಡಿಮೆಯಾಗುವುದೇ ಮೈ ಊದುವುದಕ್ಕೆ ಕಾರಣವೆಂದು ವಾದಿಸಿದರು. ಇಂಥವರ ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿರುವುದನ್ನೂ ಗಮನಿಸಿದರು. ಇದರ ಮರ್ಮ ಕಾಲಕ್ರಮದಲ್ಲಿ ತಿಳಿಯಿತು. ಸಸಾರಜನಕವು ಮೂತ್ರದಲ್ಲಿ ಹೊರಟುಹೋದಂತೆಲ್ಲ ನಷ್ಟವನ್ನು ತುಂಬಲು ಪಿತ್ತಜನಕಾಂಗವು ಹಗಲಿರುಳು ದುಡಿಯತೊಡಗುತ್ತದೆ. ಆ ಭರದಲ್ಲಿ ಆಲ್ಬುಮಿನ್ನಿನ ಜೊತೆಗೆ ಕೊಬ್ಬನ್ನು ಹೊರುವ ಕಣಗಳನ್ನೂ ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೇಲಾಗಿ, ರಕ್ತದಿಂದ ಆ ಕಣಗಳನ್ನು ಹಿಂದಕ್ಕೆ ಸೆಳೆದುಕೊಳ್ಳುವ ಕೆಲಸವೂ ಕುಂದುತ್ತದೆ. ಉತ್ಪತ್ತಿ ಹೆಚ್ಚು, ವಿಲೇವಾರಿ ಕಡಿಮೆ. ಆದುದರಿಂದ ಕೊಲೆಸ್ಟರಾಲ್ ಬಹಳ ಏರುತ್ತದೆ. ಬಟ್ಟಲಿನಲ್ಲಿ ಹಾಲಿನಂತೆ ಕಂಡ ತಿಳಿಯ ರಹಸ್ಯ ಇದೇ.

ಆದರೆ ದೀರ್ಘಕಾಲದ ಮೂತ್ರಪಿಂಡ ರೋಗದವರೆಲ್ಲರಲ್ಲಿಯೂ ಹೀಗೆ ಸಸಾರಜನಕ ವಿಪರೀತವಾಗಿ ಸೋರುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೋ ರಕ್ತದ ಒತ್ತಡದಿಂದಲೋ ಮೂತ್ರಪಿಂಡವು ಮೆಲ್ಲಮೆಲ್ಲನೆ ಸವೆದು ಹೋಗುವವರೇ ಹೆಚ್ಚು. ಇವರ ಕೊಬ್ಬಿನ ಸಂಗತಿ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಕಾರಣ ಮನಸ್ಸನ್ನು ಕಲಕುವಂಥದು: ಮೂತ್ರಪಿಂಡ ಪೂರ್ತಿ ಸೋತ ರೋಗಿಯು ಬಹುಕಾಲ ಬದುಕುತ್ತಿರಲಿಲ್ಲ. ಕೊಬ್ಬು ರಕ್ತನಾಳವನ್ನು ಕೆಡಿಸಲು ವರ್ಷಗಳು ಬೇಕು. ರೋಗಿಗೆ ಇದ್ದುದು ವಾರಗಳು. ರೋಗದ ಈ ಇನ್ನೊಂದು ಮುಖ ಕಾಣಬೇಕಾದರೆ ಮೊದಲು ರೋಗಿ ಬದುಕಬೇಕಾಗಿತ್ತು.

ಬದುಕಿಸುವ ಯಂತ್ರ ಹುಟ್ಟಿದ್ದು ಯುದ್ಧಕಾಲದಲ್ಲಿ. ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯರು 1943ರಲ್ಲಿ, ಮಾಂಸದ ತಿಂಡಿ ತುಂಬಲು ಬಳಸುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಯೊಂದಕ್ಕೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ರೋಗಿಯ ರಕ್ತದ ಕಲ್ಮಷವನ್ನು ತೊಳೆದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಒಬ್ಬ ವೃದ್ಧೆ ಚೇತರಿಸಿಕೊಂಡು ಮನೆಗೆ ಹೋದಳು. ಆದರೂ ಪ್ರತಿಸಲ ರಕ್ತನಾಳವನ್ನು ಹೊಸದಾಗಿ ಕೊಯ್ಯಬೇಕಾಗಿದ್ದರಿಂದ ಇದು ಕೆಲವು ದಿನಗಳ ಚಿಕಿತ್ಸೆಯಾಗಿತ್ತೇ ಹೊರತು ವರ್ಷಗಳದಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಟೆಫ್ಲಾನ್ ಕೊಳವೆಯೊಂದನ್ನು ರೋಗಿಯ ತೋಳಿನಲ್ಲಿ ಕಾಯಮಾಗಿ ನಿಲ್ಲಿಸುವ ಉಪಾಯ ಮಾಡಿ ಈ ತೊಡಕನ್ನು ನೀಗಿದರು. ಅವರ ಮೊದಲ ರೋಗಿ ವಿಮಾನ ಕಾರ್ಖಾನೆಯ ಒಬ್ಬ ಯಂತ್ರಕರ್ಮಿ. ಸಾವಿನ ಅಂಚಿನಲ್ಲಿದ್ದ ಆತನು ಮುಂದೆ ಹನ್ನೊಂದು ವರ್ಷ ಬದುಕಿದನು. 1971ರಲ್ಲಿ ಆತನು ತೀರಿಕೊಂಡದ್ದು ಹೃದಯಾಘಾತದಿಂದ.

ಇದು ಒಬ್ಬನ ಪಾಡಾಗಿರಲಿಲ್ಲ. 1974ರಲ್ಲಿ ಸ್ಕ್ರಿಬ್ನರ್ ಮತ್ತು ಅವರ ಸಹೋದ್ಯೋಗಿಗಳು ತಮ್ಮ 39 ಮಂದಿ ಡಯಾಲಿಸಿಸ್ ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಸತ್ತವರು 23 ಮಂದಿ. ಅವರಲ್ಲಿ 14 ಮಂದಿಯ ಸಾವಿಗೆ ರಕ್ತನಾಳಗಳು ಗಡುಸಾದುದೇ ಕಾರಣವೆಂದು ಅವರು ತೀರ್ಮಾನಿಸಿದರು. ಮೂತ್ರಪಿಂಡದ ಸಾವನ್ನು ತಪ್ಪಿಸಿಕೊಂಡವರನ್ನು ಹೃದಯದ ಸಾವು ಕಾದು ಹಿಡಿಯುತ್ತಿತ್ತು. ಅದೇ ಸಿಯಾಟಲ್ಲಿನಲ್ಲಿ ಇದಕ್ಕೆ ಆರು ವರ್ಷ ಮುಂಚೆ, 1968ರಲ್ಲಿ, ಬ್ಯಾಗ್‌ಡೇಡ್, ಪೋರ್ಟ್ ಮತ್ತು ಬೀರ್ಮನ್ ಎಂಬ ಮೂವರು, ಮೂತ್ರಪಿಂಡ ಸೋತವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿರುವುದನ್ನು ತೋರಿಸಿ, ಇದು ಆ ರೋಗದಿಂದಲೇ ಉಂಟಾಗುವ ವಿಕಾರವೆಂದು ಸಾರಿದ್ದರು.

ಇಲ್ಲಿ ಸ್ವಲ್ಪ ನಿಂತು, ರಕ್ತದಲ್ಲಿ ಕೊಬ್ಬು ಸಂಚರಿಸುವ ಬಗೆಯನ್ನು ನೋಡೋಣ. ಸಾರಿಗೆ ತುಪ್ಪ ಹಾಕಿದರೆ ಅದು ಬೆರೆಯದೆ ಮೇಲೆ ತೇಲುತ್ತದಷ್ಟೆ. ರಕ್ತವೂ ನೀರಿನಂಥದೇ, ಅದರಲ್ಲಿ ಕೊಬ್ಬು ಬೆರೆಯದು. ಆದುದರಿಂದ ದೇಹವು ಕೊಬ್ಬನ್ನು ಸಸಾರಜನಕದ ಹೊದಿಕೆಯಲ್ಲಿ ಮೂಟೆ ಕಟ್ಟಿ ಸಾಗಿಸುತ್ತದೆ. ಈ ಮೂಟೆಗಳನ್ನು ಗಾತ್ರ, ಸಾಂದ್ರತೆಗಳ ಪ್ರಕಾರ ಬೇರ್ಪಡಿಸಿ ಅಳೆಯುವ ಕೆಲಸವನ್ನು 1950ರ ಸುಮಾರಿಗೆ ಕ್ಯಾಲಿಫೋರ್ನಿಯದ ಜಾನ್ ಗಾಫ್‌ಮನ್ ಅತಿವೇಗದ ಗಿರಕಿಯಂತ್ರದಿಂದ ಸಾಧಿಸಿದ್ದರು. ಟ್ರೈಗ್ಲಿಸರೈಡಿನ ದೊಡ್ಡ ಮೂಟೆಗಳು ಊರೂರಿಗೆ ಸರಕು ಒಯ್ಯುವ ಲಾರಿಗಳಿದ್ದಂತೆ. ಎಲ್‌ಡಿಎಲ್ ಎಂಬ ಚಿಕ್ಕ ಮೂಟೆ ಕೊಲೆಸ್ಟರಾಲನ್ನು ಅಂಗಾಂಗಗಳಿಗೆ ಹಂಚುತ್ತದೆ. ಎಚ್‌ಡಿಎಲ್ ಎಂಬುದು ಮಿಕ್ಕ ಕೊಲೆಸ್ಟರಾಲನ್ನು ಬಳಿದುಕೊಂಡು ಪಿತ್ತಜನಕಾಂಗಕ್ಕೆ ಹಿಂದಿರುಗಿಸುತ್ತದೆ. ಸರಕು ಇಳಿಸುವ ಹಮಾಲಿಗಳಂತೆ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವವು ರಕ್ತನಾಳದ ಒಳಗೋಡೆಯಲ್ಲಿ ನಿಂತಿರುತ್ತದೆ.

ಮೂತ್ರಪಿಂಡ ಸೋತಾಗ ಈ ಹಮಾಲಿಗಳ ಕೆಲಸ ನಿಧಾನವಾಗುತ್ತದೆ. ಕಿಣ್ವದ ಪ್ರಮಾಣವೂ ಚಟುವಟಿಕೆಯೂ ತಗ್ಗುತ್ತವೆ; ಜೊತೆಗೆ ಅದನ್ನು ತಡೆಯುವ ಅಪೋ ಸಿ-3 ಎಂಬ ಸಸಾರಜನಕವು ರಕ್ತದಲ್ಲಿ ಹೆಚ್ಚುತ್ತದೆ. ಲಾರಿಗಳು ಸರಕು ಇಳಿಸದೆ ದಾರಿಯಲ್ಲೇ ನಿಲ್ಲುವುವು, ಟ್ರೈಗ್ಲಿಸರೈಡ್ ಏರುವುದು. ಅರ್ಧ ಇಳಿಸಿದ ಮೂಟೆಗಳ ಅವಶೇಷಗಳು ರಕ್ತದಲ್ಲಿ ತಿರುಗಾಡುತ್ತ ನಾಳದ ಗೋಡೆಗೆ ಸೇರಿಕೊಳ್ಳುವುವು. ಎಚ್‌ಡಿಎಲ್ ಬಲಿಯಲು ಬೇಕಾದ ಇನ್ನೊಂದು ಕಿಣ್ವವೂ ಕುಂದುವುದರಿಂದ ಎಚ್‌ಡಿಎಲ್ ತಗ್ಗುವುದಲ್ಲದೆ, ಇದ್ದದ್ದೂ ತನ್ನ ಕೆಲಸವನ್ನು ಸರಿಯಾಗಿ ಮಾಡದು. ಎಲ್‌ಡಿಎಲ್ ಮೊತ್ತದಲ್ಲಿ ಹೆಚ್ಚದಿದ್ದರೂ ಅದರ ಕಣಗಳು ಸಣ್ಣವೂ ಸಾಂದ್ರವೂ ಆಗಿ ನಾಳದ ಗೋಡೆಯೊಳಕ್ಕೆ ಸುಲಭವಾಗಿ ನುಸುಳುವುವು. ಇಷ್ಟೆಲ್ಲ ಅವಾಂತರ ನಡೆದಿದ್ದರೂ ಒಟ್ಟು ಕೊಲೆಸ್ಟರಾಲಿನ ಅಂಕಿ 200ರ ಒಳಗೇ ಇರಬಹುದು!

ಬ್ಯಾಂಕಿನವನಿಗೆ ಇದು ಪರಿಚಯದ ಸಂಗತಿ. ಲೆಡ್ಜರಿನ ಕೆಳಗಿನ ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕ ಶುದ್ಧವೆಂದು ಹೇಳಲಾಗದು. ವಸೂಲಾಗದ ಸಾಲವನ್ನು ಆಸ್ತಿಯ ಕಡೆಗೆ ಬರೆದುಕೊಂಡು ಮೊತ್ತವನ್ನು ಸರಿದೂಗಿಸಿದ ಲೆಕ್ಕಗಳೂ ಉಂಟು. ಒಳಬರಹಗಳನ್ನು ಒಂದೊಂದಾಗಿ ನೋಡಿದಾಗಲೇ ನಿಜಸ್ಥಿತಿ ತಿಳಿಯುವುದು. ಮೂತ್ರಪಿಂಡದ ರೋಗಿಯ ರಕ್ತಪರೀಕ್ಷೆಯೂ ಅಂಥದೇ. ‘ಕೊಲೆಸ್ಟರಾಲ್ ಸರಿಯಾಗಿದೆ, ಹೃದಯಕ್ಕೆ ಭಯವಿಲ್ಲ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವಾಗ ಆ ಸಮಾಧಾನಕ್ಕೆ ಆಧಾರ ಸಾಲದು.

ಭಯವೆಷ್ಟು ಎಂಬುದನ್ನೂ ಲೆಕ್ಕಹಾಕಿದ್ದಾರೆ. 1998ರಲ್ಲಿ ಫೋಲಿ, ಪಾರ್ಫ್ರಿ ಮತ್ತು ಸಾರ್ನಾಕ್ ಎಂಬವರು, ಡಯಾಲಿಸಿಸ್ ರೋಗಿಗಳು ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವ ಪ್ರಮಾಣ ಇತರರಿಗಿಂತ 10ರಿಂದ 20 ಪಟ್ಟು ಹೆಚ್ಚೆಂದು ತೋರಿಸಿದರು. 2004ರಲ್ಲಿ ಕ್ಯಾಲಿಫೋರ್ನಿಯದ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದಾಗ, ಡಯಾಲಿಸಿಸ್ಸಿನ ಹಂತಕ್ಕೆ ಬರುವ ಬಹು ಮುಂಚೆಯೇ, ಮೂತ್ರಪಿಂಡದ ಶೋಧನಶಕ್ತಿ 60ಕ್ಕಿಂತ ಕೆಳಗಿಳಿದಂತೆಲ್ಲ ಈ ಅಪಾಯ ಏರುತ್ತ ಹೋಗುವುದು ಕಂಡುಬಂದಿತು. ಕೊಬ್ಬು ಮೂತ್ರಪಿಂಡವನ್ನೂ ತಿರುಗಿ ಹಾಳುಮಾಡೀತೆಂಬ ವಾದವನ್ನು ಲಂಡನ್ನಿನ ಮೂರ್‌ಹೆಡ್ ಮತ್ತು ಅವರ ಸಂಗಡಿಗರು 1982ರಲ್ಲಿ ಮುಂದಿಟ್ಟಿದ್ದರು.

ಹಾಗಾದರೆ ಔಷಧವಿಲ್ಲವೆ? ಇದೆ. ಜಪಾನಿನ ಅಕಿರ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೂಷ್ಟಿನ ಸಾವಿರಾರು ತಳಿಗಳನ್ನು ಶೋಧಿಸಿ, ಕೊಲೆಸ್ಟರಾಲಿನ ಉತ್ಪತ್ತಿಯನ್ನು ತಡೆಯುವ ವಸ್ತುವನ್ನು ಕಂಡುಹಿಡಿದರು. ಆ ವಂಶದ ಮೊದಲ ಮಾತ್ರೆ 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಇವೇ ಸ್ಟಾಟಿನ್‌ಗಳು. ಇತರ ಹೃದ್ರೋಗಿಗಳಿಗೆ ಬಹಳ ಉಪಕಾರ ಮಾಡಿದ ಈ ಮಾತ್ರೆಯನ್ನು ಡಯಾಲಿಸಿಸ್ ರೋಗಿಗಳಿಗೂ ಕೊಟ್ಟರೆ ಗೆದ್ದಂತೆಯೇ ಎಂದು ಎಲ್ಲರೂ ಆಶಿಸಿದ್ದರು. 2005ರಲ್ಲಿ ಜರ್ಮನಿಯಲ್ಲಿ ಸಕ್ಕರೆ ಕಾಯಿಲೆಯೂ ಇದ್ದ 1,255 ಡಯಾಲಿಸಿಸ್ ರೋಗಿಗಳ ಪರೀಕ್ಷೆಯ ಫಲ ಹೊರಬಿದ್ದಿತು. 2009ರಲ್ಲಿ ಅನೇಕ ದೇಶಗಳ 2,776 ರೋಗಿಗಳ ಫಲವೂ ಬಂದಿತು. ಎರಡರಲ್ಲಿಯೂ ಎಲ್‌ಡಿಎಲ್ ಚೆನ್ನಾಗಿ ಇಳಿಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳ ಒಟ್ಟು ಲೆಕ್ಕದಲ್ಲಿ ಗಣನೀಯ ಇಳಿತ ಕಾಣಲಿಲ್ಲ. ಅಷ್ಟು ಹೊತ್ತಿಗೆ ನಾಳಗಳಲ್ಲಿ ಸುಣ್ಣ ಕಟ್ಟಿ, ಹೃದಯದ ಮಾಂಸವೇ ದಪ್ಪವಾಗಿ, ಸಾವು ಬೇರೆ ದಾರಿಗಳಿಂದಲೂ ಬರುತ್ತಿರುತ್ತದೆ.

2011ರಲ್ಲಿ ಪ್ರಕಟವಾದ ‘ಶಾರ್ಪ್’ ಎಂಬ ಪರೀಕ್ಷೆ ಆಶೆಯನ್ನು ಮತ್ತೆ ಚಿಗುರಿಸಿತು. ಅದರಲ್ಲಿದ್ದವರು 9,270 ಮಂದಿ. ಅವರಲ್ಲಿ ಸುಮಾರು 3,000 ಮಂದಿ ಮಾತ್ರ ಡಯಾಲಿಸಿಸ್ಸಿನಲ್ಲಿದ್ದರು, ಉಳಿದವರಿನ್ನೂ ಆ ಹಂತಕ್ಕೆ ಬಂದಿರಲಿಲ್ಲ. ಸಿಮ್ವಾಸ್ಟಾಟಿನ್ ಮತ್ತು ಎಜೆಟಿಮೈಬ್ ಎಂಬ ಎರಡು ಔಷಧಗಳನ್ನು ಸೇರಿಸಿ ಕೊಟ್ಟಾಗ ನಾಳಗಳಲ್ಲಿ ಕೊಬ್ಬು ಕಟ್ಟುವುದರಿಂದ ಆಗುವ ದೊಡ್ಡ ಆಘಾತಗಳು ಶೇಕಡಾ 17ರಷ್ಟು ಕಡಿಮೆಯಾದುವು. ಮೂತ್ರಪಿಂಡದ ಸವೆತವನ್ನು ಮಾತ್ರ ಅದು ನಿಲ್ಲಿಸಲಿಲ್ಲ. ಇವೆಲ್ಲವನ್ನೂ ತೂಗಿನೋಡಿ 2013ರಲ್ಲಿ ‘ಕೆಡಿಗೊ’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಸೂಚನೆ ಕೊಟ್ಟಿತು. ದೀರ್ಘಕಾಲದ ಮೂತ್ರಪಿಂಡ ರೋಗವಿದ್ದು ಇನ್ನೂ ಡಯಾಲಿಸಿಸ್ ಆರಂಭಿಸದ, 50 ವರ್ಷ ತುಂಬಿದವರಿಗೆ ಕೊಲೆಸ್ಟರಾಲಿನ ಅಂಕಿ ಎಷ್ಟೇ ಇರಲಿ ಸ್ಟಾಟಿನ್ ಚಿಕಿತ್ಸೆ ಯೋಗ್ಯ. ಡಯಾಲಿಸಿಸ್ ಹಿಡಿದ ಮೇಲೆ ಹೊಸದಾಗಿ ಆರಂಭಿಸುವುದು ಬೇಡ. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಬಹುದು. ಸಾರಾಂಶವಿಷ್ಟೆ: ಈ ಔಷಧಕ್ಕೆ ಒಂದು ಕಾಲವುಂಟು, ಆ ಕಾಲ ಮೀರಬಾರದು.

ಇನ್ನೊಂದು ಎಚ್ಚರಿಕೆಯನ್ನೂ ಚರಿತ್ರೆಯೇ ಕೊಟ್ಟಿದೆ. 1990ರಲ್ಲಿ ಅಮೆರಿಕದ 12,000ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಲೆಕ್ಕ ತೆಗೆದಾಗ, ಕೊಲೆಸ್ಟರಾಲ್ ತೀರ ಕಡಿಮೆಯಿದ್ದವರಲ್ಲಿ ಸಾವು ಹೆಚ್ಚಾಗಿ ಕಂಡಿತು. ಕೊಬ್ಬು ರಕ್ಷಣೆ ಕೊಡುತ್ತದೆಂದು ಇದರ ಅರ್ಥವಲ್ಲ. ಊಟ ಸೇರದೆ ಸೊರಗಿದವರಲ್ಲಿಯೂ, ಮೈಯಲ್ಲಿ ಉರಿಯೂತ ಇರುವವರಲ್ಲಿಯೂ ಕೊಲೆಸ್ಟರಾಲ್ ತಾನಾಗಿಯೇ ಇಳಿಯುತ್ತದೆ ಎಂದು 2004ರ ಸಂಶೋಧನೆ ವಿವರಿಸಿತು. ನಮ್ಮ ಮನೆಗಳಲ್ಲಿ ಕಾಯಿಲೆಯವರಿಗೆ ಗಂಜಿ, ಸಾರನ್ನವೇ ಪಥ್ಯವೆಂದು ತುಪ್ಪ ಬಿಡಿಸಿ, ಬೇಳೆ ಬಿಡಿಸಿ, ಕೊನೆಗೆ ಅಂಕಿ ಇಳಿದುದನ್ನು ಕಂಡು ಸಂತೋಷಪಡುವುದುಂಟು. ಡಯಾಲಿಸಿಸ್ ರೋಗಿಯಲ್ಲಿ ಆ ಇಳಿತವು ಹಸಿವಿನ ಗುರುತಾಗಿರಬಹುದು. ಪಥ್ಯವನ್ನು ವೈದ್ಯರೂ ಆಹಾರತಜ್ಞರೂ ನಿರ್ಣಯಿಸಲಿ. ನೆರೆಮನೆಯವರ ಮಾತು ಸಾಲದು.

ನಮ್ಮ ದೇಶಕ್ಕೆ ಈ ಚಿಕಿತ್ಸೆಗಳು ಬಂದು ಅರ್ಧ ಶತಮಾನ ದಾಟಿತು. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಸಫಲವಾಯಿತು. ಕಸಿಯಾದವರಿಗೂ ಕೊಬ್ಬಿನ ಚಿಂತೆ ತಪ್ಪಲಿಲ್ಲ. ಹೊಸ ಅಂಗವನ್ನು ದೇಹವು ತಳ್ಳಿಹಾಕದಂತೆ ಕೊಡುವ ಸ್ಟೀರಾಯ್ಡ್, ಸೈಕ್ಲೋಸ್ಪೋರಿನ್ ಮೊದಲಾದ ಔಷಧಗಳು ಕೊಲೆಸ್ಟರಾಲನ್ನು ಏರಿಸುತ್ತವೆ. 2016ರಲ್ಲಿ ಕೇಂದ್ರ ಸರಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಯೋಜನೆಯನ್ನು ಆರಂಭಿಸಿತು. ಊರಿನಲ್ಲಿರುವ ತಂದೆತಾಯಿಗಳ ಬಗ್ಗೆ ಚಿಂತಿಸುವವರು ಇದನ್ನು ನೆನಪಿಡುವುದು ಮೇಲು.

ಬ್ರೈಟರ ಚಮಚ ಮತ್ತು ಮೇಣದ ಬತ್ತಿಯ ಕೆಲಸವನ್ನು ಇಂದು ಸುಲಭವಾದ ಮೂತ್ರಪರೀಕ್ಷೆಯೊಂದು ಮಾಡುತ್ತದೆ. ಅದರ ಜೊತೆಗೆ ರಕ್ತದ ಕ್ರಿಯಾಟಿನಿನ್ ನೋಡಿದರೆ ಮೂತ್ರಪಿಂಡದ ಶೋಧನಶಕ್ತಿ ತಿಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಇವೆರಡನ್ನೂ ಮಾಡಿಸಿಕೊಳ್ಳಬೇಕು. ಮೂತ್ರಪಿಂಡದಲ್ಲಿ ದೋಷವಿದೆಯೆಂದು ತಿಳಿದ ದಿನವೇ ವೈದ್ಯರನ್ನು ಇನ್ನೊಂದು ಪ್ರಶ್ನೆ ಕೇಳಬೇಕು: ‘ಡಾಕ್ಟರೇ, ಇವರ ಹೃದಯಕ್ಕಾಗಿ ಈಗಲೇ ಏನು ಮಾಡಬೇಕು?’ ಈ ಒಂದು ಪ್ರಶ್ನೆಯನ್ನು ನಮಗೆ ಕಲಿಸಲು ಸಿಯಾಟಲ್ಲಿನ ಆ ಮೊದಲ ರೋಗಿಗಳು ಪ್ರಾಣವನ್ನೇ ಬೆಲೆಯಾಗಿ ತೆತ್ತರು. ಸಕಾಲದಲ್ಲಿ ಕೇಳಿದರೆ ನಮಗೆ ತಗಲುವ ವೆಚ್ಚ ಅಲ್ಪ; ಉಳಿಯುವುದು ಮನೆಯ ಹಿರಿಯ ಜೀವ. ನಮ್ಮ ಸಂಘದ ಪ್ರತಿಯೊಂದು ಮನೆಯಲ್ಲಿಯೂ ಈ ವರ್ಷ ಆ ಪ್ರಶ್ನೆ ಕೇಳುವಂತಾಗಲಿ.